ನಿಮಗೂ ಕಲೆ, ನಮಗೂ ಕಲೆ

ಬೆಂಗಳೂರಿನ ಒಂದು ಡೇಕೇರ್‌ನಲ್ಲಿ ಕೈಗೂಸುಗಳ ಕೋಣೆ ನೋಡಿಕೊಳ್ಳಲು ಶುರು ಮಾಡಿ ನನಗೆ 11 ವರ್ಷವಾಯಿತು. ಎಂಟು ಮಕ್ಕಳು, ಇಬ್ಬರು ಟೀಚರ್, ಒಬ್ಬರು ಆಯಮ್ಮ, ಮತ್ತೆ ನಾನು. ಮೊದಲೆಲ್ಲ ಮೂರು ತಿಂಗಳ ಕೂಸುಗಳೂ ಬರುತ್ತಿದ್ದವು. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತಲ್ಲ, ಅಲ್ಲಿಂದ ಈಚೆಗೆ ನಮ್ಮಲ್ಲಿ ಹೆಚ್ಚಿನವರು ಬರುವುದು ಆರು ತಿಂಗಳು ತುಂಬಿದ ಮೇಲೆ. ಅಂದರೆ ಈಗಷ್ಟೇ ಕೂರಲು ಕಲಿಯುತ್ತಿರುವ, ಅನ್ನ ಮುಟ್ಟಿಸಿ ವಾರವೂ ಆಗಿರದ, ಸಿಕ್ಕಿದ್ದನ್ನೆಲ್ಲ ಬಾಯಿಗೆ ತುರುಕಿಕೊಳ್ಳುವ ಮಕ್ಕಳು.

ಇಂಥವರ ಕೈಗೆ ಬಣ್ಣ, ಹಿಟ್ಟು, ನೀರು ಕೊಟ್ಟು ಕಲಸಲು ಬಿಡುವುದಕ್ಕೆ ನಮ್ಮ ಕಡೆ ‘ಮೆಸ್ಸಿ ಪ್ಲೇ’ ಅನ್ನುತ್ತಾರೆ. ಆಯಮ್ಮ ಅದಕ್ಕೆ ‘ರಾಡಿ’ ಅನ್ನುತ್ತಾರೆ. ಅವರು ನನಗಿಂತ 15 ವರ್ಷ ದೊಡ್ಡವರು, ಕುಣಿಗಲ್ ಕಡೆಯವರು. ಮೊದಲ ವರ್ಷ ಒಂದು ಮಧ್ಯಾಹ್ನ ನೆಲದಲ್ಲಿ ಉಳಿದುಬಿಟ್ಟ ಹಳದಿ ಗುರುತನ್ನು ತೋರಿಸಿ, “ನೋಡಿ ಮೇಡಂ, ಇದು ನಿಮಗೂ ಕಲೆ, ನಮಗೂ ಕಲೆ” ಅಂದರು. ನಾನು ನಕ್ಕೆ. ಅವರು ನಗಲಿಲ್ಲ. ನಮ್ಮ ಸಿಬ್ಬಂದಿಯ ಜೊತೆ ಈ ವಿಷಯಕ್ಕೆ ನಾನು ಮಾಡಿದ ಜಗಳಗಳಲ್ಲಿ ಕೆಲವು ಗೆದ್ದಿದ್ದೇನೆ, ಹೆಚ್ಚು ಸೋತಿದ್ದೇನೆ. ಕಲಿತದ್ದು ಸೋತ ಕಡೆಯೇ ಜಾಸ್ತಿ.

1. ನೆಲ ಒರೆಸುವವರು ಯಾರು ಅಂತ ಮೊದಲು ಕೇಳಿ

ನಾನು ಆಗತಾನೇ ತರಬೇತಿ ಮುಗಿಸಿ ಬಂದಿದ್ದೆ. ಇಟಲಿಯ ರೆಜಿಯೊ ಎಮಿಲಿಯಾ ಊರಿನ ಶಿಶುಕೇಂದ್ರಗಳ ಚಿತ್ರಗಳನ್ನು ಅಲ್ಲಿ ಒಂದಾದ ಮೇಲೊಂದು ತೋರಿಸಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಸೀಮೆಯ ತಂದೆತಾಯಂದಿರೇ ಕಟ್ಟಿಕೊಂಡ ಶಾಲೆಗಳಿಂದ, ಲೋರಿಸ್ ಮಲಗುಟ್ಸಿ ಎಂಬ ಶಿಕ್ಷಕರ ಒತ್ತಾಸೆಯಲ್ಲಿ ಬೆಳೆದ ಪದ್ಧತಿ ಅದು. ಬೆಳಕು ತುಂಬಿದ ದೊಡ್ಡ ಕೋಣೆ, ಮೈತುಂಬ ಬಣ್ಣ ಬಳಿದುಕೊಂಡು ಕೂತ ಕೂಸು. ನಮ್ಮದೋ ಬಾಡಿಗೆ ಮನೆಯ ಕೆಳ ಅಂತಸ್ತು. ಇರುವುದು ಒಂದೇ ಬಚ್ಚಲು. ಆದರೂ ಅದೇ ಚಿತ್ರ ಇಲ್ಲೂ ಮೂಡಬೇಕು ಅಂತ ಪಟ್ಟು ಹಿಡಿದೆ. ಆಯಮ್ಮ ಬೇಡ ಅಂದಾಗ ತಿಂಗಳ ವರದಿಯಲ್ಲಿ ‘ಹೊಸತನ್ನು ಒಪ್ಪುವುದಿಲ್ಲ’ ಅಂತ ಬರೆದೆ. ಇವತ್ತಿಗೂ ಆ ವಾಕ್ಯ ನೆನಪಾದರೆ ನಾಚಿಕೆಯಾಗುತ್ತದೆ.

ಒಂದು ದಿನ ಸುಮ್ಮನೆ ಗಡಿಯಾರ ನೋಡಿದೆ. ಎಂಟು ಮಕ್ಕಳಲ್ಲಿ ಯಾರೂ ಬಣ್ಣದ ಮುಂದೆ ಏಳು ನಿಮಿಷಕ್ಕಿಂತ ಹೆಚ್ಚು ಕೂರಲಿಲ್ಲ. ಮಕ್ಕಳನ್ನು ತೊಳೆದು, ಒರೆಸಿ, ಬಟ್ಟೆ ಬದಲಿಸಿ, ನೆಲ ಸಾರಿಸಿ, ಬಟ್ಟೆ ನೆನೆಹಾಕುವಷ್ಟರಲ್ಲಿ 50 ನಿಮಿಷವಾಯಿತು. ಅಷ್ಟೂ ಹೊತ್ತು ಬಾಟಲಿ ಕುದಿಸುವ ನೀರು ಒಲೆಯ ಮೇಲೆ ಹಾಗೇ ಇತ್ತು, ಇಬ್ಬರ ಡೈಪರ್ ಬದಲಿಸುವುದು ಬಾಕಿ ಉಳಿದಿತ್ತು. ಆಯಮ್ಮನ ‘ಬೇಡ’ದಲ್ಲಿ ಇದ್ದದ್ದು ಶುದ್ಧ ಲೆಕ್ಕ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ, ಅಷ್ಟೆ.

ಅಲ್ಲಿಂದ ಮುಂದೆ ರಾಡಿ ಆಟದ ದಿನ ಒರೆಸುವ ಬಟ್ಟೆ ನನ್ನ ಕೈಗೆ ಬಂತು. ವಿಚಿತ್ರ ನೋಡಿ, ಬಟ್ಟೆ ಕೈಗೆ ಬಂದ ವಾರವೇ ಬಣ್ಣದ ಬಟ್ಟಲು ಚಿಕ್ಕದಾಯಿತು. ಒಂದು ಮಗುವಿಗೆ ಎರಡು ಚಮಚ ಬಣ್ಣ ಸಾಕು ಅಂತ ನನಗೆ ಹೊಳೆಯಿತು. ಎಂಟು ಮಕ್ಕಳ ಬದಲು ಸಲಕ್ಕೆ ಇಬ್ಬರನ್ನೇ ಕೂರಿಸುವುದು, ಪ್ಲಾಸ್ಟಿಕ್ ಹಾಳೆ ಹಾಸಿದರೆ ಮಕ್ಕಳು ಜಾರುತ್ತವೆ ಅಂತ ಹಳೆಯ ಹತ್ತಿ ಬೆಡ್‌ಶೀಟ್ ಹಾಸುವುದು, ಅದರ ಮೇಲೆ ಅಂಚಿರುವ ಸ್ಟೀಲ್ ಹರಿವಾಣ ಇಡುವುದು, ಎಲ್ಲ ತಾನಾಗಿ ಹೊಳೆದವು.

2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರೇ ಇಲ್ಲದಂತಾಯಿತಲ್ಲ, ಆಗ ಇದು ಇನ್ನೂ ಬಿಗಿಯಾಯಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಮಾರ್ಚ್‌ನಲ್ಲಿ ಜಲಮಂಡಳಿ ಹೇಳಿತು. “ಕಾರ್ ತೊಳೆದ್ರೆ ದಂಡ. ಬಣ್ಣದ ಕೂಸು ತೊಳೆದ್ರೆ ಎಷ್ಟು ಮೇಡಂ?” ಅಂದರು ಆಯಮ್ಮ. ಆ ಮೂರು ತಿಂಗಳು ಒಂದು ಬಕೆಟ್ ನೀರಲ್ಲಿ ಎಷ್ಟಾಗುತ್ತದೋ ಅಷ್ಟೇ ಆಟ. ಮಕ್ಕಳಿಗೆ ಏನೂ ಕಮ್ಮಿಯಾದ ಹಾಗೆ ಕಾಣಲಿಲ್ಲ.

2. ತಿನ್ನುವ ಹಿಟ್ಟಿನ ವಿಷಯದಲ್ಲಿ ಬೆಲೆ ಹೇಳಲು ಹೋಗಬೇಡಿ

ಕೂಸಿನ ಕೈಗೆ ಕೊಟ್ಟದ್ದು ಬಾಯಿಗೇ ಹೋಗುವುದು. ಹಾಗಾಗಿ ತಿನ್ನಬಹುದಾದದ್ದನ್ನೇ ಕೊಡಬೇಕು ಅಂತ ರಾಗಿ ಹಿಟ್ಟನ್ನು ಗಂಜಿಯ ಹಾಗೆ ಬೇಯಿಸಿ, ಆರಿಸಿ, ಹರಿವಾಣಕ್ಕೆ ಸುರಿದೆ. ಒಂಬತ್ತು ತಿಂಗಳ ಹುಡುಗ ಅದರಲ್ಲಿ ಎರಡೂ ಕಾಲು ಇಟ್ಟು ಕುಳಿತ. ಆಯಮ್ಮ ಎದ್ದು ಹೊರಗೆ ಹೋದರು.

ಹಿಂದೆ ಹೋದೆ. “ತಿನ್ನೋ ಹಿಟ್ಟು ಮೇಡಂ ಅದು. ನಮ್ ಕಡೆ ಕಣದಾಗೆ ರಾಗಿ ಕಾಲಿಗೆ ತಾಗಿದ್ರೂ ಕಣ್ಣಿಗೊತ್ಕೋತೀವಿ” ಅಂದರು. ನನ್ನ ಬಾಯಿಂದ ಬಂದ ಉತ್ತರ: “ಹತ್ತು ರೂಪಾಯಿದು ಆಗಲ್ಲ ಆಯಮ್ಮ ಅದು.” ನ್ಯಾಯಬೆಲೆ ಅಂಗಡಿ ಮುಂದೆ ಚೀಲ ಹಿಡಿದು ನಿಂತು ಬಂದವರಿಗೆ ಹೇಳುವ ಮಾತಾ ಅದು? ಅವರು ಬೆಲೆಯ ಮಾತೇ ಆಡಿರಲಿಲ್ಲ. ಒಂದು ವಾರ ನನ್ನ ಹತ್ತಿರ ಬೇಕಾದ್ದಷ್ಟೇ ಮಾತಾಡಿದರು.

ಈ ಗಂಟು ನಿಜಕ್ಕೂ ಬಿಗಿ. ತಿನ್ನಬಹುದಾದ್ದನ್ನು ಕೊಟ್ಟರೆ ಅನ್ನ ತುಳಿದ ಹಾಗೆ. ತಿನ್ನಬಾರದ್ದನ್ನು ಕೊಟ್ಟರೆ ಹೊಟ್ಟೆಗೆ ಹೋದಾಗ ಏನು ಗತಿ? ಇಬ್ಬರು ಟೀಚರ್‌ಗಳು ನನ್ನ ಪರ ಮಾತಾಡಿದರು. ಅದರಿಂದ ಆಯಮ್ಮ ಇನ್ನಷ್ಟು ಮೌನವಾದರು. ಮೂವರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ ನಿಂತರೆ ಸರಿ ಯಾವುದು ಅಂತ ತಿಳಿಯಲು ಆಗುವುದೇ ಇಲ್ಲ.

ಆ ಗಂಟು ಬಿಡಿಸಿದ್ದೂ ಆಯಮ್ಮನೇ. ಒಂದು ದಿನ ಮಧ್ಯಾಹ್ನ ರಾಗಿ ಸರಿ ತಿನ್ನಿಸಿ ಮುಗಿಸಿದ ಮೇಲೆ ಬಟ್ಟಲ ತಳದಲ್ಲಿ ಉಳಿದ ಎರಡು ಚಮಚವನ್ನು ಕೂಸಿನ ಮುಂದಿನ ತಟ್ಟೆಗೆ ಬಳಿದು ಬಿಟ್ಟರು. “ಉಂಡು ಮಿಕ್ಕಿದ್ದು ಹೆಂಗೂ ಕಲಗಚ್ಚಿಗೆ ಹೋಗೋದು. ಆಡ್ಕೊಳ್ಳಿ ಬಿಡಿ.” ಕೂಸು ಹೊಟ್ಟೆ ತುಂಬಿದ ಸುಖದಲ್ಲಿ ಅದನ್ನು ಅಂಗೈಯಿಂದ ಚಪ್ಪರಿಸಿತು, ಎಳೆಯಿತು, ಬೆರಳ ಸಂದಿಯಿಂದ ಹೊರಬರುವುದನ್ನು ನೋಡಿತು, ನೆಕ್ಕಿತು. ಕೂದಲಿಗೂ ಹೋಯಿತು. ಹೇಗೂ ಊಟವಾದ ಮೇಲೆ ಕೈಬಾಯಿ ತೊಳೆಯಲೇಬೇಕಿತ್ತು, ಹಾಗಾಗಿ ಹೆಚ್ಚಿನ ಕೆಲಸವೂ ಇಲ್ಲ. ಏಳೆಂಟು ತಿಂಗಳ ಮಗುವಿಗೆ ಬೇರೆ ರಾಡಿ ಆಟವೇ ಬೇಡ, ಊಟವೇ ಸಾಕು ಅಂತ ಈಗ ನಾನು ಹೊಸ ಟೀಚರ್‌ಗಳಿಗೆ ಹೇಳುತ್ತೇನೆ. ಯಾರು ಕಲಿಸಿದ್ದು ಅಂತಲೂ ಹೇಳುತ್ತೇನೆ.

ಇನ್ನೊಂದು ಕುತೂಹಲದ ಸಂಗತಿ. ಕಡಲೆಹಿಟ್ಟಿಗೆ ಆಯಮ್ಮನ ತಕರಾರಿಲ್ಲ. ಅದು ಎಣ್ಣೆಸ್ನಾನದ ದಿನ ಮೈಗೆ ಉಜ್ಜುವ ಹಿಟ್ಟು, ಅವರ ಮನಸ್ಸಲ್ಲಿ ಅದರ ಜಾಗ ಬಚ್ಚಲ ಮನೆ. ಹಾಗಂತ ಹಸಿಹಿಟ್ಟನ್ನು ನಾನು ಕೊಡುವುದಿಲ್ಲ. ಹಸಿಹಿಟ್ಟಲ್ಲಿ ಹೊಟ್ಟೆ ಕೆಡಿಸುವ ಸೂಕ್ಷ್ಮಾಣುಗಳಿರಬಹುದು, ಮಗು ಅದನ್ನು ನೆಕ್ಕಿಯೇ ನೆಕ್ಕುತ್ತದೆ. ಯಾವ ಹಿಟ್ಟೇ ಆಗಲಿ, ಬೇಯಿಸಿದ ಮೇಲೆ.

3. ಬಾಯಿಯ ಕಾವಲು ಕಾಯುವವರ ಮಾತು ಕೇಳಿ

ನಾನು ಖಡಾಖಂಡಿತ ತಪ್ಪು ಮಾಡಿದ ಕಥೆ ಇದು. ಗೋಧಿಹಿಟ್ಟನ್ನು ಅಂಟಿನ ಹಾಗೆ ಕಾಯಿಸಿ, ಪಾಲಕ್ ರಸ ಬೆರೆಸಿ ಹಸಿರು ಬಣ್ಣ ಮಾಡಿದ್ದೆ. ಟೀಚರ್ ಒಬ್ಬರು, “ಈ ಪಾಪು ಮನೇಲಿ ಇನ್ನೂ ಗೋಧಿ ತಿಂದಿಲ್ಲ ಮ್ಯಾಮ್, ಅವರಮ್ಮ ರಾಗಿ ಅಕ್ಕಿ ಮಾತ್ರ ಅಂದಿದ್ರು” ಅಂದರು. “ತಿನ್ನಿಸ್ತಿಲ್ವಲ್ಲ, ಆಡಿಸ್ತಿದೀವಿ” ಅಂದೆ. ಹತ್ತು ನಿಮಿಷದಲ್ಲಿ ಮಗುವಿನ ಬಾಯಿ ಸುತ್ತ ಸೊಳ್ಳೆ ಕಚ್ಚಿದ ಹಾಗೆ ಕೆಂಪು ದದ್ದು. ಆಮೇಲೆ ಕೆನ್ನೆ, ಕಿವಿ. ಮಗುವನ್ನು ಎತ್ತಿಕೊಂಡು ಎರಡು ರಸ್ತೆ ಆಚೆಯ ಮಕ್ಕಳ ಡಾಕ್ಟರ್ ಹತ್ತಿರ ಓಡಿದೆ. ಸಂಜೆಯ ಹೊತ್ತಿಗೆ ದದ್ದು ಇಳಿಯಿತು. ನನ್ನ ಎದೆಬಡಿತ ಇಳಿಯಲು ಇನ್ನೂ ಎರಡು ದಿನ ಬೇಕಾಯಿತು. ಅಷ್ಟು ಚಿಕ್ಕ ಮಗುವಿನ ಮಟ್ಟಿಗೆ ಆಡುವುದಕ್ಕೂ ತಿನ್ನುವುದಕ್ಕೂ ನಡುವೆ ಗೆರೆಯೇ ಇಲ್ಲ ಅಂತ ಆ ಟೀಚರ್‌ಗೆ ಗೊತ್ತಿತ್ತು, ಅವರಿಗೆ ಪಾಠ ಹೇಳುತ್ತಿದ್ದ ನನಗೆ ಗೊತ್ತಿರಲಿಲ್ಲ.

ಈಗ ಅಡುಗೆಮನೆ ಗೋಡೆಗೆ ಒಂದು ಪಟ್ಟಿ ಅಂಟಿಸಿದೆ. ಯಾವ ಮಗು ಮನೆಯಲ್ಲಿ ಏನೇನು ತಿಂದು ಒಗ್ಗಿಸಿಕೊಂಡಿದೆ ಅಂತ ತಾಯಂದಿರೇ ತುಂಬುತ್ತಾರೆ. ಗೋಧಿ, ಮೊಸರು, ಮೊಟ್ಟೆ, ಕಡಲೆಕಾಯಿ ನಾಲ್ಕಕ್ಕೂ ಬೇರೆ ಬೇರೆ ಕಾಲಂ. ಪಟ್ಟಿಯಲ್ಲಿಲ್ಲದ್ದು ಬಣ್ಣದ ಬಟ್ಟಲಿಗೂ ಇಲ್ಲ.

ಅದರ ಕೆಳಗೆ ಏನು ಒಳಗೆ ಬರಬಾರದು ಅನ್ನುವ ಇನ್ನೊಂದು ಪಟ್ಟಿ ಇದೆ. ಇದನ್ನು ನಾವು ನಾಲ್ವರೂ ಸೇರಿ ಬರೆದದ್ದು, ಹೆಚ್ಚಿನ ಸಾಲು ಆಯಮ್ಮನವು. ರಂಗೋಲಿ ಪುಡಿ ಬೇಡ, ಅದು ಕಲ್ಲಿನ ಪುಡಿ, ಉಸಿರಿಗೆ ಹೋಗುತ್ತದೆ. ಅಂಗಡಿ ಕುಂಕುಮ ಬೇಡ. ಪಾಕೆಟ್ಟಿಲ್ಲದ ಅರಿಶಿನ ಪುಡಿ ಬೇಡ, ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬೆರೆಸುವುದುಂಟು. ಸುಣ್ಣ ಹಾಕಿದ ಓಕುಳಿ ಬೇಡ, ಎಳೆ ಚರ್ಮ ಸುಡುತ್ತದೆ. ಜೇನುತುಪ್ಪ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಈ ಸಾಲಿಗೆ ಮಾತ್ರ ದೊಡ್ಡ ವಾಗ್ವಾದ ನಡೆಯಿತು, ಏಕೆಂದರೆ ಆಯಮ್ಮನ ಊರಲ್ಲಿ ಹುಟ್ಟಿದ ಮಗುವಿನ ನಾಲಗೆಗೆ ಮೊದಲು ಮುಟ್ಟಿಸುವುದೇ ಜೇನು. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ದೊಡ್ಡವರ ಹೊಟ್ಟೆಯಲ್ಲಿ ಏನೂ ಮಾಡವು, ಕೂಸಿನ ಕರುಳಲ್ಲಿ ಮೊಳೆತು ವಿಷವಾಗಬಹುದು, ಬೊಟುಲಿಸಂ ಅನ್ನುತ್ತಾರೆ ಅಂತ ಡಾಕ್ಟರ್ ಬಾಯಲ್ಲೇ ಹೇಳಿಸಿದೆ. ನನ್ನ ಬಾಯಿಂದ ಒಪ್ಪುತ್ತಿರಲಿಲ್ಲ. ಅದೂ ಸರಿಯೇ ಅನ್ನಿ, ಗೋಧಿ ಪ್ರಕರಣ ಆದ ಮೇಲೆ ಯಾಕೆ ಒಪ್ಪಬೇಕು?

ಗಂಟಲಲ್ಲಿ ಸಿಕ್ಕಿಕೊಳ್ಳುವ ವಸ್ತುಗಳಿಗೆ ಒಂದು ಅಳತೆ ಇದೆ. ಆಟಿಕೆಗಳ ಪರೀಕ್ಷೆಗೆ ಬಳಸುವ ಕೊಳವೆಯ ಅಗಲ 31.7 ಮಿಲಿಮೀಟರ್; ಅದರೊಳಗೆ ಪೂರ್ತಿ ಇಳಿಯುವ ವಸ್ತು ಮೂರು ವರ್ಷದೊಳಗಿನ ಮಕ್ಕಳಿಗೆ ಸಲ್ಲದು. ನಾವು ಟಿಶ್ಯೂ ರೋಲಿನ ರಟ್ಟಿನ ಕೊಳವೆ ಇಟ್ಟುಕೊಂಡಿದ್ದೇವೆ. ಅದು ಸ್ವಲ್ಪ ಅಗಲ, ಅಂದರೆ ಇನ್ನೂ ಕಟ್ಟುನಿಟ್ಟು. ಅದರಲ್ಲಿ ತೂರುವ ಮಣಿ, ಗುಂಡಿ, ಬಳಪದ ತುಂಡು ಯಾವುದೂ ಕೋಣೆಗೆ ಬರುವುದಿಲ್ಲ. ಡಬ್ಬಿಯ ಮೇಲೆ ‘ನಾನ್ ಟಾಕ್ಸಿಕ್’ ಅಂತ ಬರೆದಿದ್ದರೆ ತಿನ್ನಿಸಬಹುದು ಅಂತ ಅರ್ಥವಲ್ಲ ಅನ್ನುವುದನ್ನು ನಾನು ವರ್ಷಕ್ಕೆರಡು ಸಲ ಹೇಳಬೇಕಾಗುತ್ತದೆ.

4. ಸಂಜೆ ಆರಕ್ಕೆ ಬಾಗಿಲಲ್ಲಿ ನಿಲ್ಲುವವರ ಕಷ್ಟ

ಬೆಳಗ್ಗೆ ಹತ್ತೂವರೆಗೆ ಬಣ್ಣ ಬೇಕು ಅನ್ನುವವಳು ನಾನು. ಸಂಜೆ ಆರಕ್ಕೆ ಆಫೀಸಿನಿಂದ ಸುಸ್ತಾಗಿ ಬಂದ ತಾಯಿಗೆ ಮಗುವನ್ನು ಒಪ್ಪಿಸುವವರು ಟೀಚರ್. “ಏನಿದು ಕತ್ತಲ್ಲಿ?” ಅನ್ನುವ ಪ್ರಶ್ನೆ ಬೀಳುವುದು ಅವರ ಮೇಲೆ. ಅವರು ರಾಡಿ ಆಟ ಬೇಡ ಅನ್ನುವುದರಲ್ಲಿ ಮುಕ್ಕಾಲು ಪಾಲು ಈ ಭಯ.

ಒಮ್ಮೆ ಆಯಮ್ಮ ಊರಿನ ಹಿತ್ತಲಿಂದ ಹಸಿ ಅರಿಶಿನ ಕೊಂಬು ತಂದಿದ್ದರು. ಅದನ್ನು ತೇಯ್ದು ಮೊಸರಲ್ಲಿ ಕಲಸಿ ಕೊಟ್ಟೆವು. ಚೆಂದದ ಹಳದಿ. ಮಗುವಿನ ಬಿಳಿ ಜುಬ್ಬದ ಎದೆಗೆ ಅಂಗೈಯಷ್ಟು ಬಿತ್ತು. ಹೊಸ ಟೀಚರ್ ಗಾಬರಿಯಾಗಿ ಬಟ್ಟೆ ಸೋಪು ಹಚ್ಚಿ ಉಜ್ಜಿದರು. ಹಳದಿ ಅವರ ಕಣ್ಣೆದುರೇ ಕೆಂಪಾಯಿತು, ಥೇಟ್ ರಕ್ತದ ಕೆಂಪು. ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಸುಣ್ಣ ಹಾಕಿ ಓಕುಳಿ ಕದಡುವುದೂ ಅದೇ ಕಾರಣಕ್ಕೆ. ಆ ಹುಡುಗಿಗೆ ಅದು ಗೊತ್ತಿರಲಿಲ್ಲ, ಉಜ್ಜಿದಷ್ಟೂ ಕೆಂಪು, ಕೈ ನಡುಗುತ್ತಿತ್ತು. ಆಯಮ್ಮ ಕಿತ್ತುಕೊಂಡು ನಾಲ್ಕು ಸಲ ಬರೀ ನೀರಲ್ಲಿ ಜಾಲಿಸಿ ತಾರಸಿಯ ಬಿಸಿಲಿಗೆ ಹರವಿದರು. ಕೆಂಪು ಮತ್ತೆ ಹಳದಿಯಾಯಿತು, ಸಂಜೆಗೆ ತಿಳಿ ನಿಂಬೆಯಾಯಿತು, ಮೂರನೇ ದಿನ ಗುರುತೂ ಇಲ್ಲ. ಅರಿಶಿನದ ಕಲೆಗೆ ಬಿಸಿಲಿನಂಥ ಅಗಸ ಇಲ್ಲ.

ಬೀಟ್‌ರೂಟ್ ಕಥೆ ಬೇರೆ. ಬಟ್ಟೆಗೆ ಬಿದ್ದದ್ದು ಹೋಯಿತು, ಹೊಟ್ಟೆಗೆ ಹೋದದ್ದು ಮಾರನೇ ದಿನ ಕಂಡಿತು. ಬೆಳಗಿನ ಜಾವ ಐದೂಕಾಲಿಗೆ ಒಬ್ಬ ತಾಯಿಯ ಫೋನು, ಡೈಪರ್‌ನಲ್ಲಿ ರಕ್ತ ಅಂತ ಅಳುತ್ತಿದ್ದರು. ಬೀಟ್‌ರೂಟ್ ತಿಂದರೆ ಕೆಲವರಿಗೆ ಮಲವೂ ಮೂತ್ರವೂ ಕೆಂಪಾಗುವುದುಂಟು. ಅದು ನನಗೆ ಗೊತ್ತಿತ್ತು, ಹೇಳಿರಲಿಲ್ಲ. ಗೊತ್ತಿದ್ದೂ ಹೇಳದಿರುವುದು ಗೊತ್ತಿಲ್ಲದಿರುವುದಕ್ಕಿಂತ ಕೆಟ್ಟದ್ದು ಅಂತ ಆ ತಾಯಿ ಬೈದರು. ನಾನು ಮರುಮಾತಾಡಲಿಲ್ಲ.

ಅಂದಿನಿಂದ ಹಿಂದಿನ ದಿನವೇ ಮೆಸೇಜ್ ಹೋಗುತ್ತದೆ: ನಾಳೆ ಏನು ಕಲಸುತ್ತೇವೆ, ಅದರಲ್ಲಿ ಏನೇನಿದೆ, ಹಳೆಯ ಬಟ್ಟೆ ಹಾಕಿ, ಬೆಳ್ಳಿ ಬಳೆ ಕಾಲ್ಗೆಜ್ಜೆ ಮನೆಯಲ್ಲೇ ಬಿಚ್ಚಿಡಿ. ಬಳೆಯ ಕೆತ್ತನೆಯೊಳಗೆ ಹೊಕ್ಕ ಗಂಜಿಯನ್ನು ಹಲ್ಲುಜ್ಜುವ ಬ್ರಷ್‌ನಿಂದ ತೆಗೆದವರಿಗೆ ಗೊತ್ತು ಅದರ ಕಷ್ಟ. ಇನ್ನೊಂದು ಸಣ್ಣ ವಿಷಯವಿದೆ. ಮುಖ ತೊಳೆದಾಗ ಕೆನ್ನೆಯ ದೃಷ್ಟಿಬೊಟ್ಟು ಅಳಿಸಿಹೋಗುತ್ತದೆ. ಬಣ್ಣವನ್ನೂ ದದ್ದನ್ನೂ ಸಹಿಸಿಕೊಂಡ ತಾಯಂದಿರು ಬೊಟ್ಟಿಲ್ಲದ ಕೆನ್ನೆ ಕಂಡರೆ ಪೆಚ್ಚಾಗುತ್ತಾರೆ. ಆಯಮ್ಮ ಒಂದು ಕಾಡಿಗೆ ಡಬ್ಬಿಯನ್ನು ಸೆರಗಿನ ಗಂಟಲ್ಲೇ ಇಟ್ಟುಕೊಂಡಿದ್ದಾರೆ. ಆರಕ್ಕೆ ಹತ್ತು ನಿಮಿಷ ಇರುವಾಗ ಎಲ್ಲರ ಕೆನ್ನೆಗೂ ಬೊಟ್ಟು ಮರಳಿ ಬರುತ್ತದೆ. ಕಾಡಿಗೆಯಲ್ಲಿ ಏನಿದೆ ಅಂತ ನೋಡಲು ಹೋಗಿ, ಮನೆಯಲ್ಲೇ ಹರಳೆಣ್ಣೆ ದೀಪದ ಮಸಿ ಹಿಡಿದು ಮಾಡಿದ್ದು ಅಂತ ತಿಳಿದು, ಕಣ್ಣಿಗೆ ಮಾತ್ರ ಬೇಡ ಅಂದು ಸುಮ್ಮನಾದೆ.

5. ಮುಷ್ಟಿ ಬಿಡಿಸಬೇಡಿ

ನನ್ನ ಮಟ್ಟಿಗೆ ನಿಜವಾದ ಜಗಳ ಇದು. ಮೇಲಿನ ಎಲ್ಲದರಲ್ಲೂ ಸಿಬ್ಬಂದಿ ಹೇಳಿದ್ದು ಒಂದಿಷ್ಟಾದರೂ ಸರಿಯಿತ್ತು. ಇದರಲ್ಲಿ ಇಲ್ಲ. ದುಃಖದ ವಿಷಯವೆಂದರೆ ಇದರಲ್ಲಿ ಮೊದಲು ನಾನೂ ಅವರ ಜೊತೆಗೇ ಇದ್ದೆ.

ಆ ವರ್ಷ ಕೃಷ್ಣ ಜನ್ಮಾಷ್ಟಮಿಗೆ ಪ್ರತಿ ಮಗುವಿನ ಪಾದದ ಗುರುತಿರುವ ಕಾರ್ಡು ಮನೆಗೆ ಹೋಗಬೇಕು ಅಂತ ಮೇಲಿನಿಂದ ಹೇಳಿಕಳಿಸಿದರು. ನೀಲಿ ಪಾದ, ಪಕ್ಕಕ್ಕೊಂದು ನವಿಲುಗರಿ. ನಾಲ್ಕು ಗಂಟೆಯೊಳಗೆ ಎಂಟು ಕಾರ್ಡು, ಎಂಟು ಫೋಟೋ. ಮೂರನೆಯದು ಏಳು ತಿಂಗಳ ಹುಡುಗಿ. ಟೀಚರ್ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೊಂಟ ಹಿಡಿದರು, ನಾನು ಕಣಕಾಲು ಹಿಡಿದು ಬಣ್ಣದ ಸ್ಪಂಜು ಅಂಗಾಲಿಗೆ ಒತ್ತಿದೆ. ತಣ್ಣಗಿತ್ತು. ಐದೂ ಬೆರಳು ಒಳಕ್ಕೆ ಮುದುಡಿಕೊಂಡವು. ಅಂಗಾಲಿಗೆ ಏನಾದರೂ ತಾಗಿದರೆ ಬೆರಳು ಮುದುಡುವುದು ಆ ವಯಸ್ಸಿನ ಮಕ್ಕಳ ಮೈಯ ಸ್ವಭಾವ. ವರ್ಷದ ಹತ್ತಿರ, ನಿಲ್ಲುವ ನಡೆಯುವ ಹೊತ್ತಿಗೆ ಅದು ಹೋಗುತ್ತದೆ. ನಾನು ಬೆರಳು ಬಿಡಿಸಿ ಹಿಡಿದೆ, ಅವಳು ಎಳೆದುಕೊಂಡಳು, ಮತ್ತೆ ಹಿಡಿದೆ. ಅಳು ಶುರುವಾಯಿತು. ಕಾರ್ಡಿನ ಮೇಲೆ ಬಿದ್ದದ್ದು ಒಂದು ನೀಲಿ ಮುದ್ದೆ. ಟೀಚರ್ ಇಯರ್‌ಬಡ್ ಅದ್ದಿ ಅದರ ನೆತ್ತಿಗೆ ಐದು ಚುಕ್ಕಿ ಇಟ್ಟರು. ಆ ರಾತ್ರಿ ಆ ಕಾರ್ಡು ಅವಳ ತಾಯಿಯ ವಾಟ್ಸಾಪ್ ಡಿಪಿ ಆಗಿತ್ತು. ಐದು ಬೆರಳೂ ಟೀಚರ್‌ದು, ಅಳು ಮಾತ್ರ ಮಗುವಿನದು.

ಅಂಗೈಯದೂ ಇದೇ ಕಥೆ. ಎಳೆಗೂಸಿನ ಅಂಗೈಗೆ ಏನು ತಾಗಿದರೂ ಮುಷ್ಟಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಐದಾರು ತಿಂಗಳ ಹೊತ್ತಿಗೆ ಅದು ಕಮ್ಮಿಯಾಗಿ ಬೇಕೆಂದು ಹಿಡಿಯುವುದು ಬರುತ್ತದೆ. ಹಿಡಿದದ್ದನ್ನು ಬೇಕೆಂದಾಗ ಬಿಡುವುದು ಬರಲು ಮತ್ತೆ ಮೂರು ನಾಲ್ಕು ತಿಂಗಳು ಬೇಕು. ‘ಕೈ ಬಿಡು ಪುಟ್ಟಾ’ ಅಂತ ಆರು ತಿಂಗಳ ಕೂಸಿಗೆ ಹೇಳುವುದು ಬಾರದ ವಿದ್ಯೆಯನ್ನು ಮಾಡಿ ತೋರಿಸು ಅಂದ ಹಾಗೆ.

ಅದೇ ವಾರ ನಾನು ಮೇಲಿನವರ ಹತ್ತಿರ ಹೋಗಿ ಇನ್ನು ಕೈಯಚ್ಚು ಕಾಲಚ್ಚು ಮಾಡಿಸುವುದಿಲ್ಲ ಅಂದೆ. “ಪೇರೆಂಟ್ಸ್‌ಗೆ ಅದೇ ಇಷ್ಟ” ಅಂದರು. ಅದು ನಿಜ. ಟೀಚರ್‌ಗಳೂ ನನ್ನ ಮೇಲೆ ಮುನಿಸಿಕೊಂಡರು, ಏಕೆಂದರೆ ಇಡೀ ದಿನದ ಅವರ ದುಡಿಮೆ ಮನೆಗೆ ತಲುಪುವ ಒಂದೇ ದಾರಿ ಆ ಕಾರ್ಡು. ಡೈಪರ್ ಬದಲಿಸಿದ್ದನ್ನು, ತೋಳಲ್ಲಿ ಮಲಗಿಸಿಕೊಂಡು ಒಂದು ಗಂಟೆ ಓಡಾಡಿದ್ದನ್ನು ಯಾರೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳುವುದಿಲ್ಲ. ಅದು ನನಗೆ ಹೊಳೆದಿರಲಿಲ್ಲ.

ಮಾರನೇ ವರ್ಷ ಅಷ್ಟಮಿಗೆ ಮತ್ತೆ ಅದೇ ಮಾತು ಬಂತು. ಆಯಮ್ಮ ಬಾಗಿಲ ಹತ್ತಿರ ಕೂತಿದ್ದವರು, “ಕೃಷ್ಣನ ಪಾದ ಬರೆಯೋಕೆ ಪಾದ ಯಾಕೆ ಬೇಕು?” ಅಂದರು. ಅಕ್ಕಿಹಿಟ್ಟು ಕಲಸಿ, ತಮ್ಮ ಮುಷ್ಟಿಯ ಕಿರುಬೆರಳ ಮಗ್ಗುಲನ್ನು ಅದ್ದಿ ಹೊಸ್ತಿಲ ಪಕ್ಕ ಒತ್ತಿದರು. ಮೇಲೆ ಬೆರಳ ತುದಿಯಿಂದ ಐದು ಚುಕ್ಕಿ. ಥೇಟ್ ಕೂಸಿನ ಹೆಜ್ಜೆ. ನಮ್ಮಮ್ಮನೂ ಹಾಗೇ ಬರೆಯುತ್ತಿದ್ದರು, ನಾನೇ ಮರೆತಿದ್ದೆ. ಎಲ್ಲರೂ ಅಗತ್ಯವೆಂದು ಬಿಡಿಸಹೊರಟಿದ್ದ ಆ ಮುಷ್ಟಿಯಿಂದಲೇ ಆಗುವ ಪಾದ.

ಆಗಿನಿಂದ ಅಷ್ಟಮಿಗೆ ಬಾಗಿಲಿಂದ ಕೋಣೆಯವರೆಗೆ ಹೆಜ್ಜೆ ಒತ್ತುವವರು ದೊಡ್ಡವರೇ. ಮಕ್ಕಳು ಅದರ ಮೇಲೆ ಅಂಬೆಗಾಲಿಟ್ಟು ಅಳಿಸುತ್ತಾ ಹೋಗುತ್ತವೆ. ಅದರ ಫೋಟೋ ಮನೆಗೆ ಹೋಗುತ್ತದೆ. “ನಮ್ಮ ಪಾಪುದು ಕಾರ್ಡ್ ಇಲ್ವಾ?” ಅಂತ ಪ್ರತಿ ವರ್ಷ ಇಬ್ಬರು ಮೂವರು ಕೇಳುತ್ತಾರೆ. ಇಲ್ಲ ಅನ್ನುತ್ತೇನೆ. ಅಪ್ಪಂದಿರ ದಿನಕ್ಕೆ ನಾನು ರಜೆಯಲ್ಲಿದ್ದಾಗ ಒಮ್ಮೆ ಕೈಯಚ್ಚು ಹೋಗಿದೆ ಅಂತ ಆಮೇಲೆ ತಿಳಿಯಿತು. ಕೇಳಿದ್ದಕ್ಕೆ ಯಾರೂ ತಲೆ ಎತ್ತಲಿಲ್ಲ.

6. ನೆಗಡಿಯ ವಾದಕ್ಕೆ ವೈರಸ್ಸಿನ ಪಾಠ ಉತ್ತರವಲ್ಲ

“ಒದ್ದೆಯಾದ್ರೆ ಶೀತ ಆಗುತ್ತೆ” ಅಂದವರಿಗೆ ನೆಗಡಿ ಬರುವುದು ವೈರಸ್ಸಿಂದ ಅಂತ ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಒದ್ದೆ ಬಟ್ಟೆಯಲ್ಲಿ ಕೂಸು ನಡುಗುವುದು ಅವರ ಕಣ್ಣಿಗೆ ಕಾಣುತ್ತದೆ, ವೈರಸ್ ಕಾಣುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ನೀರಾಟ ಹನ್ನೊಂದರ ಮೇಲೆ, ಬಿಸಿಲು ಬಿದ್ದ ವರಾಂಡದಲ್ಲಿ, ಉಗುರುಬೆಚ್ಚಗಿನ ನೀರಲ್ಲಿ ಅಂತ ಮಾಡಿಕೊಂಡೆವು. ವಾದ ಮುಗಿಯಿತು.

7. ಅತಿ ಉತ್ಸಾಹಿಗಳಿಗೂ ಬೇಡ ಅನ್ನಬೇಕಾಗುತ್ತದೆ

ಹೊಸದಾಗಿ ಸೇರಿದ ಒಬ್ಬ ಟೀಚರ್ ಬಹಳ ಚುರುಕು. ಫೋನಲ್ಲಿ ವಿಡಿಯೋ ನೋಡಿ ಚೀಲ ತುಂಬ ಸಾಮಾನು ತಂದರು: ಶೇವಿಂಗ್ ಫೋಮ್, ಮಿನುಗು ಪುಡಿ, ಥರ್ಮಾಕೋಲ್ ಕಾಳು, ನೀರಲ್ಲಿ ನೆನೆಸಿದರೆ ಉಬ್ಬುವ ಬಣ್ಣದ ಜೆಲ್ ಮಣಿಗಳು. ಎಲ್ಲಕ್ಕಿಂತ ಕೆಟ್ಟದ್ದು ಆ ಮಣಿ. ಒಣಗಿದ್ದಾಗ ಸಾಸಿವೆ ಗಾತ್ರ, ನುಂಗಿದರೆ ಗೊತ್ತೂ ಆಗುವುದಿಲ್ಲ. ಹೊಟ್ಟೆಯೊಳಗೆ ನೀರು ಕುಡಿದು ಉಬ್ಬಿ ಕರುಳು ಕಟ್ಟಬಹುದು. ಚೀಲ ಹಾಗೇ ವಾಪಸ್ ಮಾಡಿದೆ. ಅವರ ಕಣ್ಣಲ್ಲಿ ನೀರು. ನಾನು ಇಟಲಿಯ ಚಿತ್ರ ಹಿಡಿದು ಬಂದಾಗ ಆಯಮ್ಮನ ಎದುರು ಹೀಗೇ ಕಂಡಿದ್ದಿರಬೇಕು ಅನ್ನಿಸಿತು.

“ಹಾಗಾದ್ರೆ ಸಬ್ಬಕ್ಕಿ ನೆನೆಸಿ ಬಣ್ಣ ಹಾಕ್ಲಾ ಮ್ಯಾಮ್?” ಅಂದರು. ಪಾಯಸಕ್ಕೆ ಬೇಯಿಸಿದ ಹಾಗೆ ಕಿವುಚಿದರೆ ಗಂಜಿಯಾಗುವಷ್ಟು ಬೆಂದರೆ ಸರಿ, ಕಾಳಾಗಿ ಉಳಿದರೆ ಜಾರಿ ಗಂಟಲಿಗೆ ಹೋಗುತ್ತದೆ ಅಂದೆ. ಬೇಯಿಸಿದರು. ಆಯಮ್ಮ ದೂರದಿಂದ ನೋಡಿ, “ಅದೂ ತಿನ್ನೋದೇ” ಅಂದರು. ಅಲ್ಲಿಗೆ ಬಂದು ನಿಂತೆವು ಮತ್ತೆ.

8. ಮಗು ಬೇಡ ಅಂದದ್ದನ್ನು ಯಾರು ಮೊದಲು ಕಾಣುತ್ತಾರೆ

ನಾನು ಕಾಣುವುದಿಲ್ಲ, ಏಕೆಂದರೆ ನನಗೆ ಆಟ ನಡೆಯಬೇಕಾಗಿರುತ್ತದೆ. ಆಯಮ್ಮ ಕಾಣುತ್ತಾರೆ. ಹತ್ತು ತಿಂಗಳ ಒಂದು ಮಗುವಿತ್ತು, ಬೆರಳಿಗೆ ಅಂಟಿದ್ದೇನೂ ಸಹಿಸುತ್ತಿರಲಿಲ್ಲ. ಅಳುತ್ತಿರಲಿಲ್ಲ, ಎರಡೂ ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ, ಬೆರಳು ಅಗಲಿಸಿ, ಹಾಗೇ ಕೂತುಬಿಡುತ್ತಿತ್ತು. ಅಭ್ಯಾಸವಾಗಲಿ ಅಂತ ನಾನು ಮೂರು ವಾರ ಕೂರಿಸಿದೆ. ನಾಲ್ಕನೇ ವಾರ ಆಯಮ್ಮ ಏನೂ ಹೇಳದೆ ಬಂದು, ಒದ್ದೆ ಬಟ್ಟೆಯಿಂದ ಅದರ ಕೈ ಒರೆಸಿ, ಕೈಗೆ ಒಂದು ಚಮಚ ಕೊಟ್ಟು ಹೋದರು. ಮಗು ಚಮಚದಿಂದ ಗಂಜಿ ಕುಟ್ಟಿತು. ಕೈ ಹೊಲಸಾಗದೆ ಅದರ ಆಟ ನಡೆಯಿತು. ಒಂದೂವರೆ ವರ್ಷಕ್ಕೆ ಆ ಮಗು ನಮ್ಮ ಕೋಣೆ ಬಿಟ್ಟಿತು, ಅಲ್ಲಿಯವರೆಗೂ ಚಮಚ ಬಿಡಲಿಲ್ಲ.

9. ಜಗಳ ಮಕ್ಕಳು ಮಲಗಿದ ಮೇಲೆ

ಒಂದರಿಂದ ಎರಡೂವರೆ ನಮ್ಮಲ್ಲಿ ಮಕ್ಕಳು ಮಲಗುವ ಹೊತ್ತು. ಏನೇ ತಕರಾರಿದ್ದರೂ ಆಗ, ಅಡುಗೆಮನೆಯಲ್ಲಿ, ಕಾಫಿ ಕೈಯಲ್ಲಿ ಹಿಡಿದು. ಹರಿವಾಣದ ಮುಂದೆ ಮಗು ಕೂತಿರುವಾಗ ದೊಡ್ಡವರ ದನಿ ಬಿಗಿಯಾದರೆ ಅದರ ಕೈ ನಿಂತುಹೋಗುತ್ತದೆ, ನಮ್ಮ ಮುಖವನ್ನೇ ನೋಡತೊಡಗುತ್ತದೆ. ತಾಯಂದಿರ ಎದುರಂತೂ ಬೇಡವೇ ಬೇಡ. “ನಾನು ಬೇಡ ಅಂದಿದ್ದೆ, ಮೇಡಮ್ಮೇ ಮಾಡ್ಸಿದ್ದು” ಅನ್ನುವ ಮಾತು ಒಮ್ಮೆ ಬಾಗಿಲಲ್ಲಿ ಬಂದರೆ ಆ ತಾಯಿ ಮತ್ತೆ ನಮ್ಮಲ್ಲಿ ಯಾರನ್ನೂ ನಂಬುವುದಿಲ್ಲ.

ಇನ್ನೊಂದು ರೂಢಿ ಮಾಡಿಕೊಂಡಿದ್ದೇವೆ. ಯಾರಾದರೂ ‘ಬೇಡ’ ಅಂದರೆ ಕಾರಣ ಕೇಳುವ ಮೊದಲು ಆ ದಿನದ ಮಟ್ಟಿಗೆ ನಿಲ್ಲಿಸುವುದು, ಕಾರಣ ಮಧ್ಯಾಹ್ನಕ್ಕೆ. ಇದರಿಂದ ಎಷ್ಟೋ ಒಳ್ಳೆಯ ಆಟ ಕೈತಪ್ಪಿದೆ. ಒಬ್ಬರು ಸೋಮಾರಿತನಕ್ಕೂ ಈ ‘ಬೇಡ’ವನ್ನು ಬಳಸಿಕೊಳ್ಳುತ್ತಾರೆ ಅಂತ ನನಗೆ ಗುಮಾನಿ. ಇರಲಿ, ಗೋಧಿಯ ದದ್ದು ನೆನಪಿದೆ.

ಆಯಮ್ಮ ಬರುವ ಏಪ್ರಿಲ್‌ಗೆ ಕೆಲಸ ಬಿಡುತ್ತಾರೆ, ಮಂಡಿ ನೋವು. ಅವರ ಜಾಗಕ್ಕೆ ಬಂದ ಹುಡುಗಿಗೆ ಹೋದ ವಾರ ಪಟ್ಟಿಗಳನ್ನು ಓದಿ ಹೇಳುತ್ತಿದ್ದರು. ಎಲ್ಲ ಮುಗಿಸಿ, ದನಿ ತಗ್ಗಿಸಿ, “ಬೀಟ್‌ರೂಟ್ ಮಾತ್ರ ಮೇಡಂ ಏನಂದ್ರೂ ಕೊಡಬೇಡ. ತರಕಾರಿ ಬುಟ್ಟೀಲಿ ಕಂಡ್ರೆ ತಕ್ಷಣ ಪಲ್ಯ ಮಾಡಿಬಿಡು” ಅಂದರು. ನಾನು ಬಾಗಿಲ ಈಚೆ ನಿಂತು ಕೇಳಿಸಿಕೊಂಡೆ. ಬುಟ್ಟಿಯಲ್ಲಿ ಆಗ ಎರಡು ಬೀಟ್‌ರೂಟ್ ಇದ್ದವು. ಮಧ್ಯಾಹ್ನ ಊಟಕ್ಕೆ ಪಲ್ಯ ಇತ್ತು.